ಬಾ ಎನ್ನುವವರು ಯಾರು

ಹಾಸ್ಟೆಲ್‌ನಿಂದ
೯ ಅಕ್ಟೋಬರ್ ೨೦೨೫

ಪ್ರೀತಿಯ ಶಾಂಭವಿ ಅಕ್ಕ,

ನಿನ್ನೆ ಫೋನಿನಲ್ಲಿ ಬರೀ ಹ್ಞಾಂ, ಹ್ಞೂಂ ಎಂದು ಇಟ್ಟುಬಿಟ್ಟೆ ಅಂತ ಸಿಟ್ಟಾಗಿದ್ದೀಯಾ? ಆಯಿ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದರೆ ಎಂತ ಮಾತಾಡುವುದು ಮಾರಾಯ್ತಿ? ನಾನು ಈ ಪರದೇಶದಲ್ಲಿ ಒಮ್ಮೆ ಕೆಮ್ಮಿದರೆ ಅವಳು ಹೊನ್ನಾವರದಲ್ಲಿ ಕಷಾಯ ಕುದಿಸುತ್ತಾಳೆ. ಇನ್ನು ಮೇಲೆ ನಿಜವಾದ ಸುದ್ದಿಯೆಲ್ಲ ಈಮೇಲಿನಲ್ಲಿ. ನೀನು ಕುಮಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ದಯವಿಟ್ಟು ಕೆಂಪು ಶಾಯಿ ಹಿಡಿದು ಓದಬೇಡ.

ಟಿವಿಯಲ್ಲಿ ನೀವು ನೋಡಿದ್ದು ಹೌದು. ಈ ಊರಿನ ಹುಡುಗರಿಗೂ ಬೇರೆ ಯಾವುದೋ ದೇಶದಿಂದ ಓದಲು ಬಂದ ವಿದ್ಯಾರ್ಥಿಗಳಿಗೂ ಮಾರುಕಟ್ಟೆಯಲ್ಲಿ ಜಗಳವಾಯಿತು, ಅದರ ವಿಡಿಯೋ ಹರಿದಾಡಿತು. ಆಮೇಲೆ ಹೊರಗಿನಿಂದ ಓದಲು ಬಂದವರೆಂದರೆ ಜನರಿಗೆ ಆಗುತ್ತಿಲ್ಲ. ಆದರೆ ಮಾರುಕಟ್ಟೆ ನಮ್ಮ ಹಾಸ್ಟೆಲ್‌ನಿಂದ ದೂರ. ಈಗ ಪಾಠ ಆನ್‌ಲೈನ್. ಊರಿಗೆ ಹೋಗುವವರು ಹೋಗಬಹುದು ಅಂದಿದ್ದಾರೆ. ಆದರೆ ನಮಗೆ ಐದನೇ ವರ್ಷದವರಿಗೆ ತಿಂಗಳ ಕೊನೆಯಿಂದ ಆಸ್ಪತ್ರೆಯ ವಾರ್ಡಿನಲ್ಲಿ ಕ್ಲಾಸು. ಅದಕ್ಕೆ ಇರದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅರ್ಧಕ್ಕೆ ಬಿಟ್ಟು ಬಂದರೆ ನಮ್ಮ ದೇಶದಲ್ಲಿ ಯಾವ ಮೆಡಿಕಲ್ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ ಅನ್ನುವುದು ನಿನಗೂ ಗೊತ್ತು. ಹಾಗಾಗಿ ಅತ್ತ ದರಿ, ಇತ್ತ ಪುಲಿ.

ಹೆದರಿಕೆಯೇನೂ ಇಲ್ಲ. ನಮ್ಮ ಸೀನಿಯರ್ ಸಂದೇಶ ಇದ್ದಾನಲ್ಲ, ಭಟ್ಕಳದ ಹತ್ತಿರ ಶಿರಾಲಿಯವನು, ಅವನೇ ಅಕ್ಕಿ, ಹಾಲು ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. ನಾವು ಪರದೆ ಎಳೆದುಕೊಂಡು ಬೆಚ್ಚಗೆ ಕೂತಿದ್ದೇವೆ. ಹಾಸ್ಟೆಲ್‌ನೊಳಗೆ ಎಲ್ಲರೂ ಬರೀ ಕಾಲುಚೀಲದಲ್ಲಿ ಓಡಾಡುತ್ತೇವೆ, ಸಪ್ಪಳವೇ ಇಲ್ಲ. ನೀನು ನೋಡಿದರೆ ನಗುತ್ತಿದ್ದೆ.

ಇರಲಾ, ಬರಲಾ? ನೀನು ಏನಂತೀ?

ನಿನ್ನ ಶ್ರೇಯಾ


ಹೊನ್ನಾವರ
೧೨ ಅಕ್ಟೋಬರ್ ೨೦೨೫

ಶ್ರೇಯಾ,

ಕಾಲುಚೀಲ ಹಾಕಿಕೊಂಡು ಮಹಾರಾಣಿಯ ಹಾಗೆ ಓಡಾಡುತ್ತಿದ್ದೀ ಎಂದಾಯಿತು. ಇಲ್ಲಿ ನಾನು ಬೆಳಗಾದರೆ ಕುಮಟೆಯ ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನಿಂತಿರುತ್ತೇನೆ. ನೀನು ಪರದೆ ಎಳೆದುಕೊಂಡು ಮಧ್ಯಾಹ್ನದವರೆಗೂ ಮಲಗುತ್ತಿದ್ದೀ ಅಂತ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಓದು.

ನೀನು ಏನಂತೀ ಎಂದು ಕೇಳಿದ್ದೀಯ. ಬಾ ಅಂದರೆ ನೀನು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇರು ಅಂದು ನಾಳೆ ಏನಾದರೂ ಆದರೆ ಹೆತ್ತ ಆಯಿಗೆ ನಾನು ಮುಖ ತೋರಿಸುವುದು ಹೇಗೆ? ನಿನ್ನನ್ನು ಕಳಿಸುವಾ ಎಂದು ಅವಳನ್ನು ಒಪ್ಪಿಸಿದವಳೇ ನಾನು. ನನ್ನ ಕೇಳಬೇಡ ಮಾರಾಯ್ತಿ.

ಆಯಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ. "ಆನು ಎಂತ ಹೇಳಲಿ? ದೇವಿ ಹತ್ರ ಪ್ರಸಾದ ಕೇಳುವ" ಅಂದಳು. ನಮ್ಮ ಮನೆಯಲ್ಲಿ ಮದುವೆಯಿಂದ ಹಿಡಿದು ಬಾವಿ ತೋಡುವವರೆಗೆ ಎಲ್ಲದಕ್ಕೂ ಅದೇ ಅಲ್ಲವಾ? ಗೇರುಸೊಪ್ಪ ರಸ್ತೆಯ ನಮ್ಮ ದೇವಿಯ ಗುಡಿಗೆ ಹೋಗುವುದು, ಮಾಬ್ಲ ಭಟ್ಟರು ಮೂರ್ತಿಯ ಮೈಗೆ ಒದ್ದೆ ಹೂವಿನೆಸಳು ಅಂಟಿಸುವುದು, ಎಲ್ಲರೂ ಉಸಿರು ಬಿಗಿಹಿಡಿದು ನೋಡುವುದು. ಬಲದ ಎಸಳು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಕೂಡದು. ಆಯಿಗೆ ಅಷ್ಟು ಮೆಟ್ಟಿಲು ಹತ್ತಲು ಆಗುವುದಿಲ್ಲ, ನಾನೇ ಹೋಗಿಬರುತ್ತೇನೆ. ನಿನಗೆ ಒಪ್ಪಿಗೆಯಾ?

ಶಾಂಭವಿ


ಹಾಸ್ಟೆಲ್‌ನಿಂದ
೧೫ ಅಕ್ಟೋಬರ್ ೨೦೨೫

ಅಕ್ಕ,

ಒಪ್ಪಿಗೆ. ಕೇಳು. 'ಶ್ರೇಯಾ ಅಲ್ಲೇ ಇದ್ದು ಓದು ಮುಗಿಸಲಾ' ಎಂದು ಕೇಳು. ಬಲಕ್ಕಾದರೆ ಇರುತ್ತೇನೆ, ಎಡಕ್ಕಾದರೆ ಬರುತ್ತೇನೆ. ಐದು ವರ್ಷ ದೇಹದೊಳಗಿನ ನರಗಳ ಹೆಸರು ಬಾಯಿಪಾಠ ಮಾಡಿದವಳು ಹೂವಿನೆಸಳನ್ನು ನಂಬುತ್ತೇನೆಂದು ನಗಬೇಡ. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಯಾರಾದರೂ ಹೇಳಿಬಿಟ್ಟರೆ ಸಾಕು.

ನನ್ನ ಜೊತೆಗಿದ್ದ ಹುಡುಗಿ ನಿನ್ನೆ ಊರಿಗೆ ಹೊರಟುಹೋದಳು. ನಮ್ಮ ಮಹಡಿಯಲ್ಲಿ ಈಗ ತುಂಬ ಕೋಣೆ ಖಾಲಿ. ನನಗೆ ಒಬ್ಬಳಿಗೇ ಎರಡು ಮಂಚ, ಎರಡು ಮೇಜು. ಒಂದು ಮೇಜನ್ನು ಬಾಗಿಲಿಗೆ ಒತ್ತಿಟ್ಟಿದ್ದೇನೆ, ಓಡಾಡಲು ಜಾಗವಾಯಿತು.

ಬೇಗ ಹೋಗಿ ಬಾ.

ಶ್ರೇಯಾ


ಹೊನ್ನಾವರ
೨೦ ಅಕ್ಟೋಬರ್ ೨೦೨೫

ಶ್ರೇಯಾ,

ಹೋಗಿಬಂದೆ. ಬಸ್ಸಿನಲ್ಲಿ ಹಬ್ಬಕ್ಕೆ ಊರಿಗೆ ಬಂದವರ ನೂಕುನುಗ್ಗಲು. ಒಬ್ಬಳು ಹೆಂಗಸು ತನ್ನ ಬಾಳೆಗೊನೆಯನ್ನು ನನ್ನ ತೊಡೆಯ ಮೇಲಿಟ್ಟು ತಾನು ನಿದ್ದೆ ಹೋದಳು. ಮಳೆ ಬಿಟ್ಟಿದೆ, ಆದರೂ ಮೆಟ್ಟಿಲ ಮೇಲೆ ಪಾಚಿ ಹೋಗಿಲ್ಲ. ಜಾರಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಮಾಬ್ಲ ಭಟ್ಟರಿಗೆ ಈಗ ಕಿವಿ ಮಂದ, ನಿನ್ನ ಹೆಸರನ್ನು ಕೂಗಿ ಹೇಳಬೇಕಾಯಿತು. ನಿನ್ನನ್ನು ಇನ್ನೂ ಲಂಗ ಹಾಕುವ ಕೂಸು ಎಂದುಕೊಂಡಿದ್ದಾರೆ.

ಬಲಕ್ಕೆ ಆತು. ಇರು.

ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಹೇಳಿದೆ. ಒಳಗೆ ಹೋಗಿ ದೀಪ ಹಚ್ಚಿದಳು. ಗುಡಿಯ ಅಂಗಳದಿಂದ ನಿನಗೆ ಫೋನ್ ಮಾಡಿ ಸುಮ್ಮನೆ 'ಊಟ ಆಯಿತಾ' ಎಂದು ಕೇಳಿ ಇಟ್ಟೆನಲ್ಲ, ಗಾಬರಿಯಾಗಬೇಡ. ನಿನ್ನ ದನಿ ಕೇಳಬೇಕು ಅನ್ನಿಸಿತು, ಅಷ್ಟೇ.

ಇನ್ನು ಚಿಂತೆ ಬಿಟ್ಟು ಓದು.

ಶಾಂಭವಿ


ಹಾಸ್ಟೆಲ್‌ನಿಂದ
೨೩ ಅಕ್ಟೋಬರ್ ೨೦೨೫

ಅಕ್ಕ, ನನ್ನ ಬಂಗಾರದಂಥ ಅಕ್ಕ,

ನಿನ್ನ ಪತ್ರ ಓದಿ ಗಟ್ಟಿಯಾಗಿ ಅತ್ತೆ. ಆಮೇಲೆ ಸ್ನಾನ ಮಾಡಿ, ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಅನ್ನ ಉಂಡೆ.

ಈಗ ಹೇಳಬಹುದು, ದೇವಿಯೇ ಹೇಳಿದ ಮೇಲೆ ನಿನಗೂ ಹೆದರಿಕೆಯಾಗುವುದಿಲ್ಲ. ಟಿವಿಯಲ್ಲಿ ಸುದ್ದಿ ಬಂದ ದಿನ ಸಂಜೆ ಗುಂಪೊಂದು ನಮ್ಮ ಹಾಸ್ಟೆಲ್‌ಗೂ ನುಗ್ಗಿತ್ತು. ಕೆಳಗಿನ ಮಹಡಿಯ ಬಾಗಿಲುಗಳನ್ನು ಒದ್ದು ಮುರಿದರು. ನಾವು ದೀಪ ಆರಿಸಿ ಮಂಚದ ಕೆಳಗೆ ಮಲಗಿದ್ದೆವು. ನಮ್ಮ ಮಹಡಿಯ ಕಾರಿಡಾರಿನಲ್ಲಿ ಬೂಟಿನ ಸದ್ದು ಬಂತು, ನಮ್ಮ ಬಾಗಿಲ ಮುಂದೆ ನಿಂತಿತು, ಹಿಡಿ ತಿರುಗಿತು. ಅಷ್ಟರಲ್ಲಿ ಪೊಲೀಸರು ಬಂದರು. ಅಂದಿನಿಂದ ನಾನು ಹೊರಗೆ ಕಾಲಿಟ್ಟಿಲ್ಲ ಅಕ್ಕ. ಪರದೆ ಎಳೆದದ್ದು ಚಳಿಗಲ್ಲ, ಒಳಗೆ ಯಾರೋ ಇದ್ದಾರೆಂದು ಬೀದಿಗೆ ಕಾಣಬಾರದು ಅಂತ. ಕಾಲುಚೀಲವೂ ಅದಕ್ಕೇ.

ಆದರೆ ಎಷ್ಟು ದಿನ ಹೀಗೆ? ಸೋಮವಾರದಿಂದ ವಾರ್ಡು ಶುರು. ಸಂದೇಶ 'ಇನ್ನೂ ಸ್ವಲ್ಪ ದಿನ ನೋಡುವಾ, ಬೇಕಾದರೆ ಪ್ರೊಫೆಸರ್ ಹತ್ತಿರ ಕೇಳಿಕೊಳ್ಳುವಾ' ಅಂದ. ನಾನೇ ಬೇಡ, ಹೋಗುವಾ ಅಂದೆ. ನಮ್ಮ ದೇವಿ ಬಲಕ್ಕೆ ಕೊಟ್ಟಿದ್ದಾಳೆ ಅಂದೆ. ಅವನು ನಕ್ಕ. 'ಹಾಂಗಾರೆ ನಾನೂ ನಿನ್ನ ಹಿಂದೆ ಬತ್ತೆ, ನಿನ್ನ ದೇವಿ ನನ್ನನ್ನೂ ಕಾಯಲಿ' ಅಂದ.

ಸೋಮವಾರ ಬೆಳಿಗ್ಗೆ ನನ್ನನ್ನು ನೆನೆಸಿಕೊ.

ಶ್ರೇಯಾ


ಕುಮಟಾ
೨೪ ಅಕ್ಟೋಬರ್ ೨೦೨೫

ಶ್ರೇಯಾ,

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ?

ಸೋಮವಾರ ಹೋಗಬೇಡ. ಸಂದೇಶ ಹೇಳಿದ್ದೇ ಸರಿ. ದೇವರು ಇರು ಎಂದದ್ದು, ಹೊರಗೆ ತಿರುಗಾಡು ಎಂದಲ್ಲ. ಕೋಣೆಯೊಳಗೇ ಇರು ಎಂದೂ ಅರ್ಥ ಮಾಡಬಹುದಲ್ಲ? ನಾನು ಇನ್ನೊಮ್ಮೆ ಗುಡಿಗೆ ಹೋಗಿ ಸರಿಯಾಗಿ ಕೇಳಿ ಬರುತ್ತೇನೆ. ಅಲ್ಲಿಯವರೆಗೆ ಕಾದಿರು. ಫೋನ್ ಎತ್ತು.

ಶಾಂಭವಿ


ಹೊನ್ನಾವರ
೨೮ ಅಕ್ಟೋಬರ್ ೨೦೨೫

ಶ್ರೇಯಾ,

ನಿನ್ನೆಯಿಂದ ನಿನ್ನ ಫೋನ್ ಸ್ವಿಚ್ ಆಫ್. ಹಾಸ್ಟೆಲ್‌ನ ನಂಬರಿಗೆ ಮಾಡಿದರೆ ಯಾರೋ ಅವರ ಭಾಷೆಯಲ್ಲಿ ಏನೋ ಹೇಳಿ ಇಡುತ್ತಾರೆ. ಅಲ್ಲಿ ನೆಟ್‌ವರ್ಕ್ ಇಲ್ಲ ಎಂದು ಆಯಿಗೆ ಹೇಳಿದ್ದೇನೆ. ಅವಳು ಬೆಳಗ್ಗಿನಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.

ಒಂದು ಸಾಲು ಬರೆ. ಬರೀ ನಿನ್ನ ಹೆಸರು ಬರೆದು ಕಳಿಸು, ಸಾಕು.


ಹೊನ್ನಾವರ
೩೦ ಅಕ್ಟೋಬರ್ ೨೦೨೫

ಶ್ರೇಯಾ, ನನ್ನ ಪುಟ್ಟಿ, ಎಲ್ಲಿದ್ದೀ?


ಆಸ್ಪತ್ರೆಯಿಂದ
೩ ನವೆಂಬರ್ ೨೦೨೫

ಅಕ್ಕ,

ನಾನು ಬದುಕಿದ್ದೇನೆ. ನನಗೆ ಏನೂ ಆಗಿಲ್ಲ. ಅದನ್ನು ಮೊದಲು ಆಯಿಗೆ ಹೇಳು, ಆಮೇಲೆ ಮುಂದೆ ಓದು.

ವಾರ್ಡಿನ ಓದಿಗೆಂದು ಮೂರು ದಿನ ಫೋನನ್ನು ಪಕ್ಕಕ್ಕಿಟ್ಟಿದ್ದೆ, ನಿನ್ನ ಪತ್ರ ನೋಡದೆಯೇ ಸೋಮವಾರ ಹೊರಟೆವು. ಬಸ್ ಸ್ಟಾಪಿನಲ್ಲಿ ನಾವಿಬ್ಬರೇ. ಈ ಊರಿನ ಹುಡುಗರು ಏಳೆಂಟು ಜನ ರಸ್ತೆ ದಾಟಿ ಬಂದರು. ಸಂದೇಶ ನನ್ನನ್ನು ಒಂದು ಬ್ರೆಡ್ ಅಂಗಡಿಯೊಳಗೆ ನೂಕಿ ಬಾಗಿಲು ಎಳೆದುಕೊಂಡು ತಾನು ಹೊರಗೆ ನಿಂತ. ಅಂಗಡಿಯ ಮುದುಕಿ ಒಳಗಿನಿಂದ ಚಿಲಕ ಹಾಕಿದಳು. ನಾನು ಗಾಜಿನೊಳಗಿಂದ ಎಲ್ಲ ನೋಡಿದೆ ಅಕ್ಕ. ಚಿಲಕ ತೆಗೆ ಎಂದು ಮುದುಕಿಯನ್ನು ಕೇಳಲಿಲ್ಲ. ಕಾಲು ಬರಲಿಲ್ಲ ನನಗೆ.

ಅವನ ಎಡಗಾಲು ಮುರಿದಿದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ದೃಷ್ಟಿಯ ವಿಷಯ ಈಗಲೇ ಹೇಳಲಾಗದು ಅನ್ನುತ್ತಾರೆ. ಅವನು ನೂಕಿದಾಗ ಕೈಯಿಂದ ಬಿದ್ದ ನನ್ನ ಫೋನ್ ರಸ್ತೆಯಲ್ಲಿ ಪುಡಿಯಾಯಿತು. ಬೇರೆಯವರ ಫೋನಿನಿಂದ ಮಾಡಬಹುದಿತ್ತು, ಬರೆಯಲೂಬಹುದಿತ್ತು, ಇಷ್ಟು ದಿನ ಧೈರ್ಯ ಬರಲಿಲ್ಲ. ಸ್ಪೀಕರಿನಲ್ಲಿ ಆಯಿ 'ಉಂಡ್ಯಾ ಕೂಸೇ' ಅಂದಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ.

ಶಿರಾಲಿಯಲ್ಲಿ ಅವನ ಅಮ್ಮ ನಾಗಮ್ಮ ಒಬ್ಬರೇ ಇರುವುದು. ಅವರಿಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನರ್ಸಿನ ಫೋನಿನಿಂದ ಅವರಿಗೆ ದಿನಾ ಮಾತಾಡುತ್ತಾನೆ.

ಒಂದು ಕೇಳಲಾ? ದೇವಿ ಬಲಕ್ಕೆ ಕೊಟ್ಟಿದ್ದಳಲ್ಲ. ಹಾಗಾದರೆ ಇದು ಯಾಕೆ ಹೀಗಾಯಿತು? ನಾನು ಕೇಳಿದ್ದರಲ್ಲೇ ತಪ್ಪಿತ್ತಾ?

ಶ್ರೇಯಾ


ಹೊನ್ನಾವರ
೪ ನವೆಂಬರ್ ೨೦೨೫

ಶ್ರೇಯಾ,

ನೀನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಲಕ್ಕೆ ಆಗಲಿಲ್ಲ. ಎಡಕ್ಕೂ ಆಗಲಿಲ್ಲ. ಹೂವು ಬೀಳಲೇ ಇಲ್ಲ.

ಭಟ್ಟರು ಮತ್ತೆ ಮತ್ತೆ ಎಸಳು ಅಂಟಿಸಿದರು. ನಾನು ಕಣ್ಣು ಮುಚ್ಚದೆ ನೋಡಿದೆ. ಒಂದೂ ಕದಲಲಿಲ್ಲ. ಕೊನೆಗೆ ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ತಂಗಿ, ಮನೆಲಿ ಎಂತಾರೂ ಸೂತಕ ಇದ್ದಾ? ಸುದ್ದಿ ಇನ್ನೂ ಬಾರದ್ದು?" ಎಂದು ಕೇಳಿದರು. ದೂರದಲ್ಲಿ ಮನೆಯವರು ಯಾರಾದರೂ ತೀರಿಕೊಂಡು ಇಲ್ಲಿಗೆ ಗೊತ್ತಾಗದೆ ಇದ್ದರೆ ದೇವಿ ಮಾತಾಡುವುದಿಲ್ಲವಂತೆ. ನಮ್ಮ ಮನೆಯವರಲ್ಲಿ ದೂರ ಇರುವುದು ನೀನೊಬ್ಬಳೇ. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಅಂಗಳದಲ್ಲಿ ನಿಂತು ನಿನಗೆ ಫೋನ್ ಮಾಡಿದ್ದು ಅದಕ್ಕೇ. ನೀನು ಹಲೋ ಅಂದಾಗ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ.

ಹೂವು ಬೀಳಲಿಲ್ಲ ಎಂದು ಆಯಿಗೆ ಹೇಳಿದ್ದರೆ ಅವಳು ಅವತ್ತೇ ಹಾಸಿಗೆ ಹಿಡಿಯುತ್ತಿದ್ದಳು. ಎಡಕ್ಕೆ ಎಂದಿದ್ದರೆ ನೀನು ಓದು ಬಿಟ್ಟು ಬರುತ್ತಿದ್ದೆ. ನೀನೋ, ಎಲ್ಲ ಆರಾಮು ಎಂದು ಬರೆದಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬಲಕ್ಕೆ ಅಂದುಬಿಟ್ಟೆ. ಅವನ ಕಾಲು ಮುರಿದದ್ದು ನಾನು, ಕಣ್ಣಿಗೆ ಹೊಡೆದದ್ದೂ ನಾನೇ. ಇದನ್ನು ಬರೆಯುವಾಗ ನಿನ್ನ ಮುಖ ಹೇಗಾಗಿರುತ್ತದೆಂದು ಯೋಚಿಸಲೂ ಹೆದರಿಕೆ.

ಇನ್ನು ದೇವರನ್ನು ಕೇಳುವುದಿಲ್ಲ. ನಾನೇ ಹೇಳುತ್ತಿದ್ದೇನೆ, ಬಂದುಬಿಡು.

ಶಾಂಭವಿ


ಹೊನ್ನಾವರ
೯ ನವೆಂಬರ್ ೨೦೨೫

ಶ್ರೇಯಾ,

ಉತ್ತರ ಬರೆಯಲಿಲ್ಲ ನೀನು. ಬರೆಯಬೇಡ, ಆದರೆ ಇದನ್ನು ಓದು.

ಇವತ್ತು ಭಾನುವಾರ. ಆಯಿಗೆ ಭಟ್ಕಳದಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಶಿರಾಲಿಗೆ ಹೋಗಿದ್ದೆ. ಆಣೆ ಹಾಕಿದವಳು ನೀನು, ನಾನಲ್ಲ. ಆದರೆ ಅವರ ಜಗಲಿಯಲ್ಲಿ ಕೂತ ಮೇಲೆ ನನಗೂ ಬಾಯಿ ಬರಲಿಲ್ಲ. ಚಾ ಕೊಟ್ಟರು, ಕುಡಿದೆ. ಕೊನೆಗೆ ನಾಗಮ್ಮನೇ ಕೇಳಿದರು: "ಅವ ಊರಲ್ಲಿದ್ದಾಗ ಸಮಾ ಬಾಯಿ ಬಿಟ್ಟು ಮಾತಾಡ್ದವ ಅಲ್ಲ. ಈಗ ಫೋನಲ್ಲಿ ಬರೀ ನಗ್ತ. ಎಂತ ಆಯ್ದು ಹೇಳಿ ಅಮಾ, ನಂಗೆ ತಡ್ಕಂಬಕೆ ಆತದೆ."

ಎಲ್ಲ ಹೇಳಿದೆ, ಹೂವಿನ ಸುಳ್ಳನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ಕೂತರು. ಆಮೇಲೆ, "ನಿಮ್ಮ ತಂಗಿ ಹತ್ರ ಹೇಳಿ, ಅವನ್ನ ಒಬ್ಬನೇ ಬಿಟ್ ಬರ್ಬೇಡ ಅಂತ" ಅಂದರು. ನನ್ನ ಚಾ ಲೋಟ ಎತ್ತಿಕೊಳ್ಳುತ್ತಾ ಅವರೇ, "ಅಲ್ಲ, ಬ್ಯಾಡ. ಹೇಳ್ಬೇಡಿ. ಅದೂ ಒಬ್ರ ಮನೆ ಹೆಣ್ಣು" ಅಂದರು.

ಎರಡೂ ಮಾತನ್ನು ನಿನಗೆ ತಲುಪಿಸುತ್ತಿದ್ದೇನೆ. ಇನ್ನು ಮೇಲೆ ನಾನು ಏನನ್ನೂ ಬಚ್ಚಿಡುವುದಿಲ್ಲ.

ಶಾಂಭವಿ


ಆಸ್ಪತ್ರೆಯಿಂದ
೧೨ ನವೆಂಬರ್ ೨೦೨೫

ಅಕ್ಕ,

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಬರೆದಿದ್ದರೆ ನೀನು ಜನ್ಮದಲ್ಲಿ ಮರೆಯದಂಥದ್ದು ಬರೆಯುತ್ತಿದ್ದೆ. ಅದಕ್ಕೇ ಬರೆಯಲಿಲ್ಲ. ಈಗಲೂ ಸಿಟ್ಟಿದೆ. ಆದರೆ ನಾನೂ ನಿನಗೆ ಚಳಿಗೆ ಪರದೆ ಹಾಕಿದ್ದೇನೆಂದು ಬರೆದವಳೇ. ನಾನು ನಿಜ ಬರೆದಿದ್ದರೆ ನೀನು ಬಲಕ್ಕೆ ಅನ್ನುತ್ತಿರಲಿಲ್ಲ. ಸಂದೇಶನಿಗೂ ಎಲ್ಲ ಹೇಳಿದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಸಂಜೆ ಮಾತ್ರ, 'ನಿನ್ನ ಅಕ್ಕ ಅಮ್ಮನ ಹತ್ರ ಹೋಗಿ ಬಂದದ್ದು ಒಳ್ಳೇದಾಯ್ತು' ಅಂದ.

ನಾನು ದಿನಾ ಹಾಸ್ಟೆಲ್‌ನಿಂದ ಆಸ್ಪತ್ರೆಗೆ ಒಬ್ಬಳೇ ಬರುತ್ತೇನೆ. ಬೇರೆ ಯಾರೂ ಇಲ್ಲ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತೇನೆ. ಹಿಂದೆ ಯಾರಾದರೂ ನಡೆದು ಬಂದರೆ ಬೆನ್ನೆಲ್ಲ ಮರಗಟ್ಟುತ್ತದೆ. ಬ್ರೆಡ್ ಅಂಗಡಿ ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ಆದರೂ ಬರುತ್ತೇನೆ. ಗಾಜಿನೊಳಗೆ ನಿಂತು ನೋಡಿದವಳು ಇಷ್ಟಾದರೂ ಮಾಡಬೇಡವಾ? ಅವನನ್ನು ಬಿಟ್ಟು ಒಬ್ಬಳೇ ಬರುವುದಿಲ್ಲ. ಇದನ್ನು ನಾಗಮ್ಮನವರಿಗೆ ಹೇಳು.

ಇನ್ನೊಂದೆರಡು ವಾರದಲ್ಲಿ ಅವನನ್ನು ವಿಮಾನದಲ್ಲಿ ಕೂರಿಸಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಆಗ ಅವನನ್ನು ಹತ್ತಿಸಿ ನಾನು ಇಲ್ಲೇ ಉಳಿಯಬಹುದು. ಡೀನ್ ಕರೆದು, ಈಗಲಾದರೂ ವಾರ್ಡಿಗೆ ಬಂದರೆ ಹೆಸರು ಉಳಿಸುತ್ತೇನೆ ಅಂದಿದ್ದಾರೆ. ಇಲ್ಲವೇ ನಾನೂ ಅವನ ಜೊತೆಗೇ ಬರಬಹುದು.

ನೀನು ಬಾ ಅಂದೆ. ಆದರೆ ಅದು, ಸುಳ್ಳು ಹೇಳಿ ತಪ್ಪಾಯಿತೆಂಬ ನೋವಿಗೆ ಅಂದದ್ದು ಅಂತ ನನಗೆ ಅನ್ನಿಸುತ್ತದೆ. ಆಯಿ ಏನೂ ಅಂದಿಲ್ಲ. ಡಾಕ್ಟರಾಗದೆ ಖಾಲಿ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತರೆ ಅವಳ ಮುಖ ಹೇಗಾಗುತ್ತದೆ ಎಂಬುದನ್ನು ನೆನೆದರೆ, ನಿಜ ಹೇಳುತ್ತೇನೆ ಅಕ್ಕ, ಆ ಬಸ್ ಸ್ಟಾಪಿಗಿಂತ ಅದೇ ಹೆಚ್ಚು ಹೆದರಿಕೆ. ಅವಳಿಗೆ ಎಲ್ಲವನ್ನೂ ಹೇಳು. ಏನನ್ನುತ್ತಾಳೋ ಅದನ್ನು ಒಂದು ಅಕ್ಷರವೂ ತಿದ್ದದೆ ಬರೆ. ಟಿಕೆಟ್ ಒಂದಾ, ಎರಡಾ ಎಂದು ಶನಿವಾರ ಹೇಳಬೇಕು.

ಶ್ರೇಯಾ


ಹೊನ್ನಾವರ
೧೪ ನವೆಂಬರ್ ೨೦೨೫

ಶ್ರೇಯಾ,

ಹೇಳಿದೆ. ಕೋಣೆಯಲ್ಲಿ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ, ನಿನ್ನ ಪತ್ರಗಳನ್ನೂ ನನ್ನ ಪತ್ರಗಳನ್ನೂ ಓದಿ ಹೇಳಿದೆ. ಬೂಟಿನ ಸದ್ದಿನ ಜಾಗ ಬಂದಾಗ ನನ್ನ ಕೈ ಹಿಡಿದುಕೊಂಡವಳು ಬಿಡಲಿಲ್ಲ. ಹೂವು ಬೀಳಲಿಲ್ಲ ಎಂದಾಗ ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ, ಅಳಲೂ ಇಲ್ಲ. "ಪೆನ್ನು ತಗ, ಬರಕ, ಆನು ಹೇಳ್ತಿ" ಅಂದಳು. ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ಕೆಂಪು ಶಾಯಿ ಮುಟ್ಟಿಸಿಲ್ಲ.

"ಕೂಸೇ, ಶಾಂಭವಿ ಮೇಲೆ ಸಿಟ್ಟು ಮಾಡಡ. ಅದು ಹೆದರಿ ಸುಳ್ಳು ಹೇಳಿದ್ದು. ಅದನ್ನ ಗುಡಿಗೆ ಕಳ್ಸಿದವಳು ಆನು, ಆನೂ ಹೆದರಿಯೇ ಕಳ್ಸಿದ್ದು. ಟಿವಿಲಿ ನೋಡಿದ ದಿನವೇ ನಿಂಗೆ ಬಾ ಹೇಳಕು ಹೇಳಿ ಕಂಡಿತ್ತು. ಬಾಯಿವರೆಗೆ ಬಂದಿತ್ತು. ಓದು ಅರ್ಧಕ್ಕೆ ನಿಂತ್ರೆ, ಆಯಿ ಕರೆದಿದ್ದಕ್ಕೆ ಹಾಳಾತು ಹೇಳಿ ನೀನು ಇಡೀ ಜನ್ಮ ನನ್ನ ನೋಡ್ತೆ ಹೇಳಿ ಹೆದರಿಕೆ ಆತು. ಅದಕ್ಕೇ ದೇವಿ ಬಾಯಲ್ಲಿ ಹೇಳ್ಸುಲೆ ಹೋದಿ. ದೇವಿ ಎಂತಕ್ಕೆ ಹೇಳ್ತು? ಹೆತ್ತವಳು ಹೇಳಕಾದ ಮಾತು ಅದು.

ನೀನು ಡಾಕ್ಟರ್ ಆಗಿ ಬಂದ್ರೂ, ಆಗದ್ದೆ ಬಂದ್ರೂ ನಂಗೆ ನೀನು ಬಂದಿದ್ದೇ ಸೈ. ಎರಡು ಟಿಕೆಟ್ ತಗ. ಆ ಮಾಣಿನೂ ಕರ್ಕಂಡು ಬಾ, ಶಿರಾಲಿಗೆ ಅವನ ಅಬ್ಬೆ ಹತ್ರ ಆನು ಕರ್ಕಂಡು ಹೋಗಿ ಬಿಡ್ತಿ. ಊರಲ್ಲಿ ಯಾರಾದ್ರೂ, ಓದು ಬಿಟ್ಟು ಎಂತಕ್ಕೆ ಬಂದೆ ಹೇಳಿ ಕೇಳಿದ್ರೆ ತಲೆ ತಗ್ಗಿಸಡ. 'ಆಯಿ ಬಾ ಹೇಳಿತ್ತು' ಹೇಳು."